ಸುನೀಲನ ಹೆಸರಾದ ಮೇಲೆ

ಯಾದಗಿರಿ
23 ನವೆಂಬರ್ 2024, ಶನಿವಾರ

ಅವ್ವನ ಮಾತು ಎತ್ತಿದ ಕೂಡಲೇ ಫೋನು ಇಡುವ ನನ್ನ ಮುದ್ದು ತಂಗಿ ಭಾಗ್ಯಳಿಗೆ,

ಅಕ್ಕನ ಪ್ರೀತಿ. ಈ ಕಾಲದಲ್ಲಿ ಪತ್ರ ಯಾಕೆ ಅನ್ನುತ್ತೀಯೇನೋ. ಪತ್ರಕ್ಕೆ 'ನೆಟ್‌ವರ್ಕ್ ಹೋಗಾಕತ್ತದ ಅಕ್ಕಾ, ಆಮ್ಯಾಲ ಮಾಡ್ತೀನಿ' ಎಂದು ಹೇಳಲು ಬರುವುದಿಲ್ಲ, ಅದಕ್ಕೆ. ಹರಿದು ಹಾಕಬಹುದು, ನಿಜ. ಆದರೆ ನೀನು ಓದದೆ ಹರಿಯುವವಳಲ್ಲ. ಚಿಕ್ಕವಳಿದ್ದಾಗ ಅಂಗಡಿಯವನು ಪುಟಾಣಿ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದುತ್ತಿದ್ದೆ.

ಮೊದಲು ನನ್ನ ಗೋಳು ಕೇಳು. ನನಗೆ ಅವ್ವ ಸಾಕಾಗಿದ್ದಾಳೆ. ಬೆಳಿಗ್ಗೆ ಎದ್ದು ಅಡಿಗೆ ಮಾಡಿಟ್ಟು, ಬಸ್ಸಿನಲ್ಲಿ ನಿಂತುಕೊಂಡೇ ಶಹಾಪುರದ ಕಾಲೇಜಿಗೆ ಹೋಗಿ, ಕೇಳಲು ಮನಸ್ಸಿಲ್ಲದ ಹುಡುಗರಿಗೆ ದಿನವಿಡೀ ಪದ್ಯಪಾಠ ಹೇಳಿ, ಸಂಜೆ ಬಂದು ಒಲೆಯ ಮುಂದೆ ರೊಟ್ಟಿ ಬಡಿಯುತ್ತೇನೆ. ರೊಟ್ಟಿ ತಾಟಿಗೆ ಬೀಳುವಾಗ ಹೊಗೆಯಾಡುತ್ತಿರುತ್ತದೆ. ಅವ್ವ ಕಣ್ಣು ಮುಚ್ಚುತ್ತಾಳೆ. ಅವಳು ಕಣ್ಣು ತೆರೆಯುವಷ್ಟರಲ್ಲಿ ಅದು ಚಪ್ಪಲಿಯ ಅಟ್ಟೆಯಾಗಿರುತ್ತದೆ.

ಬೇರೆ ಮನೆಗಳಲ್ಲಿ ಊಟದ ಪ್ರಾರ್ಥನೆ ಎಂದರೆ ಎರಡು ಮಾತು. ನಮ್ಮ ಅವ್ವನಿಗೆ ಅದು ಮನೆಯ ಆಡಳಿತ. ಹುಡುಗಿಯರ ಹಾಸ್ಟೆಲಿನಲ್ಲಿ ಅಷ್ಟು ವರ್ಷ ವಾರ್ಡನ್ ಆಗಿದ್ದವಳು. ಊಟದ ಪಂಕ್ತಿಯಲ್ಲಿ ಎಲ್ಲರ ಕಣ್ಣು ಮುಚ್ಚಿಸಿ, ಸೋಪು ಕದ್ದವಳನ್ನು, ಗೋಡೆ ಹಾರಿ ಸಿನಿಮಾಕ್ಕೆ ಹೋದವಳನ್ನು ಪ್ರಾರ್ಥನೆಯಲ್ಲೇ ಹಿಡಿಯುತ್ತಿದ್ದಳು. ಕಣ್ಣು ಮುಚ್ಚಿದವರು ಎದುರು ಮಾತಾಡುವ ಹಾಗಿಲ್ಲ. ಹಾಸ್ಟೆಲು ಬಿಟ್ಟರೂ ಆ ಅಭ್ಯಾಸ ಬಿಡಲಿಲ್ಲ. ಈಗ ಪಂಕ್ತಿಯಲ್ಲಿ ಉಳಿದಿರುವವಳು ನಾನೊಬ್ಬಳೇ.

ಶುರುವಾಗುವುದು ಚರ್ಚಿನ ಶುದ್ಧ ಕನ್ನಡದಲ್ಲಿ. ಎರಡನೇ ವಾಕ್ಯಕ್ಕೆ ನಮ್ಮ ಓಣಿಗೆ ಇಳಿಯುತ್ತಾಳೆ. ಮೊನ್ನೆಯದನ್ನು ಹಾಗೇ ಬರೆಯುತ್ತೇನೆ: 'ಪ್ರೀತಿಯುಳ್ಳ ಪರಲೋಕದ ತಂದೆಯೇ, ನನ್ನ ಹಿರಿಮಗಳಿಗೆ ಎಂ.ಎ. ಓದೋವಷ್ಟು ಬುದ್ಧಿ ಕೊಟ್ಟಿ, ಸ್ತೋತ್ರ. ಒಲಿ ಮ್ಯಾಲ ಹಾಲಿಟ್ಟು ಕವನ ಓದಬಾರದು ಅನ್ನೋ ಬುದ್ಧಿ ಇನ್ನಾ ಕೊಟ್ಟಿಲ್ಲ. ಅದನ್ನೂ ಕೊಡು ತಂದೆ, ಹಾಲು ತುಟ್ಟಿ ಆಗ್ಯಾವ.' ನಾನು ಎದುರಿಗೇ ಕೂತಿದ್ದೇನೆ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ. ನನಗೇ ಹೇಳಬಹುದಲ್ಲ? ಇಲ್ಲ, ಪರಲೋಕಕ್ಕೆ ಹೋಗಿ ನನ್ನ ಹತ್ತಿರ ಬರಬೇಕು.

ಆಮೇಲೆ ಹೆಸರುಗಳು. ಮೊದಲು ನಾನು, ನಂತರ ಗುರುಮಠಕಲ್‌ನಲ್ಲಿರುವ ನಿನ್ನ ಅಣ್ಣ. 'ಸುನೀಲಕುಮಾರ ಅಲ್ಲಿ ತೆಲುಗು ಮಾತಾಡಿ ಮಾತಾಡಿ ಅವ್ವಗ ಫೋನ್ ಮಾಡಾದು ಮರ್ತಾನ. ಆದ್ರೂ ಅವ ಅದಾನಲ್ಲ, ಅದಕ್ಕ ಸ್ತೋತ್ರ.' ಪ್ರತಿ ಹೆಸರಿನ ಹಿಂದೆ ದೇವರಿಗೆ ಉಪಕಾರ ಹೇಳುವ ಒಂದು ಸ್ತೋತ್ರ ಬರಲೇಬೇಕು, ಅದು ಅವಳ ಕಾಯಿದೆ. ಸುನೀಲನ ಹೆಸರಾದ ಮೇಲೆ ನಿಂತು ಉಸಿರು ತಗೊಳ್ಳುತ್ತಾಳೆ. ಉದ್ದನೆಯ ಉಸಿರು. ಆ ಹೊತ್ತಿನಲ್ಲಿ ನಾನು ಮೆಲ್ಲಗೆ ಕೈ ಚಾಚಿ ರೊಟ್ಟಿಯ ಮೇಲೆ ಬಟ್ಟೆ ಮುಚ್ಚುತ್ತೇನೆ. ಅನಂತರ ಪಕ್ಕದ ಮನೆಯ ಖುರ್ಷೀದಬೇಗಂ ಅವರ ಮೊಣಕಾಲು ನೋವು, ಸಗರದ ಅತ್ತೆಯ ಎಮ್ಮೆ, ಎಲ್ಲಕ್ಕೂ ಸ್ತೋತ್ರ.

ಆ ಉಸಿರು ನೋಡಿ ಅವ್ವನಿಗೆ ದಮ್ಮು ಹತ್ತಿದೆ ಎಂದು ನಾನು ರಜೆ ಹಾಕಿ ಡಾಕ್ಟರಿಗೂ ತೋರಿಸಿದೆ. ಎಕ್ಸ್‌ರೇ ತೆಗೆಸಿದೆ. ಪುಪ್ಪಸ ಚೆನ್ನಾಗಿವೆ, ನಿಮ್ಮದಕ್ಕಿಂತ ಗಟ್ಟಿ ಇವೆ ಎಂದರು ಡಾಕ್ಟರು. ಆ ರಾತ್ರಿಯ ಊಟಕ್ಕೆ ಏನು ಬಂತು ಗೊತ್ತೇ? 'ಕರ್ತನೇ, ಇಲ್ಲದ ರೋಗಕ್ಕ ರೊಕ್ಕ ಸುರಿಯೋ ಮಕ್ಕಳಿಗೆ ವಿವೇಕ ಕೊಡು.'

ಆ ಹೆಸರುಗಳಲ್ಲಿ ನಿನ್ನದು ಇರುವುದಿಲ್ಲ, ಭಾಗ್ಯ. ಎರಡು ವರ್ಷವಾಯಿತು. ಹೋದ ಕ್ರಿಸ್ಮಸ್ಸಿಗೆ ನೀನು ಫೋನಿನಲ್ಲಿ ಕೇಳಿದ್ದೆ, 'ಅವ್ವ ಪ್ರಾರ್ಥನಿಯಾಗ ನನ್ನ ಹೆಸರು ತಗೀತಾಳೇನು ಅಕ್ಕಾ?' ಎಂದು. ಆಗ ನೆಟ್‌ವರ್ಕ್ ಹೋಗಿದ್ದು ನನ್ನದು. ಏನು ಹೇಳಲಿ? ಸಗರದ ಎಮ್ಮೆಗೆ ಸಿಕ್ಕ ಜಾಗ ನಿನಗೆ ಸಿಕ್ಕಿಲ್ಲ ಎಂದು ಹೇಳಲೇ?

ಬೇಡದ್ದನ್ನು ಬರೆಯುತ್ತಿದ್ದೇನೆ, ತಡೆದುಕೋ. ನಿನ್ನ ಮಗಳು ಶೆರೋನ್ ಜ್ವರದಲ್ಲಿ ಹೋದಾಗ, ಆ ಪುಟ್ಟ ಗುಂಡಿಯ ಮುಂದೆ ಅವ್ವ ಗಟ್ಟಿ ದನಿಯಲ್ಲಿ ಪ್ರಾರ್ಥನೆ ಮಾಡಿದಳು. 'ಕೊಟ್ಟಿದ್ದಕ್ಕ ಸ್ತೋತ್ರ, ತಗೊಂಡಿದ್ದಕ್ಕೂ ಸ್ತೋತ್ರ' ಎಂದಳು. ನೀನು ಕೈಯಲ್ಲಿದ್ದ ಮಣ್ಣು ಕೆಳಗೆ ಬಿಟ್ಟು ಅವಳ ಕಡೆ ತಿರುಗಿದೆ. 'ಆರು ವರ್ಷದ ಕೂಸು ಅವ್ವಾ. ನೀ ಮಾಡ್ಕೋತ ಕೂಡು ಸ್ತೋತ್ರ. ನನ್ನ ಮನಿಗಿ ಮಾತ್ರ ಬರಬ್ಯಾಡ' ಎಂದೆ. ನಿನ್ನ ಗಂಡ ದೇವಿಂದ್ರ ನಿನ್ನ ತೋಳು ಹಿಡಿದುಕೊಂಡು ನಡೆದ. ಅವ್ವ ನಿಮ್ಮ ಸುರಪುರದ ಬಸ್ಸು ಹತ್ತಿಲ್ಲ ಅಂದಿನಿಂದ. ನೀನೂ ಇತ್ತ ಬರಲಿಲ್ಲ.

ನಿನ್ನ ಸಿಟ್ಟು ನನಗೆ ಸರಿಯಾಗಿಯೇ ಕಂಡಿತ್ತು. ಯಾಕೆಂದರೆ ಆ ಮಗು ನಮ್ಮದೂ ಆಗಿತ್ತು. ರಜೆಗೆ ಬಂದಾಗ ಅಜ್ಜಿಯ ಪ್ರಾರ್ಥನೆ ನಿಲ್ಲಿಸುವ ಧೈರ್ಯ ಇದ್ದದ್ದು ಅದಕ್ಕೊಂದಕ್ಕೇ. ಸುನೀಲನ ಹೆಸರಿನ ತನಕ ಕಾದು, ನೀರಿನ ಗ್ಲಾಸನ್ನು ತಾಟಿಗೆ ಬಡಿದು 'ಆಮೆನ್!' ಎಂದು ಕೂಗುತ್ತಿತ್ತು. ಅವ್ವ ಒಂದು ಕಣ್ಣು ತೆರೆದು, 'ದೇವರ ಮುಂದ ನಿನ್ನ ಅರ್ಜಿ ನಂದಕ್ಕಿಂತ ಲಗೂ ಮುಟ್ಟತದ, ಉಣ್ಣು' ಎನ್ನುತ್ತಿದ್ದಳು. ಆ ದಿನಗಳಲ್ಲಿ ನಾನು ಬಿಸಿ ರೊಟ್ಟಿ ತಿಂದಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ಗುರುವಾರ ನಮ್ಮ ಮನೆಯಲ್ಲಿ ಪ್ರಾರ್ಥನಾ ಕೂಟ ಇತ್ತು. ಹೊಸದಾಗಿ ಬಂದ ಪಾಸ್ಟರ್, ಪಾಪ, ಮೀಸೆ ಈಗಷ್ಟೇ ದಟ್ಟವಾಗುತ್ತಿದೆ, ಚರ್ಚಿನ ಏಳೆಂಟು ಹೆಂಗಸರು, ಜೊತೆಗೆ ಯಾವತ್ತಿನಂತೆ ಖುರ್ಷೀದಬೇಗಂ. ಅವರು ಬರುವುದು ಚಹಾಕ್ಕೆ ಮತ್ತು ಅವ್ವನಿಗೆ. ನಮ್ಮ ಪ್ರಾರ್ಥನೆಗೆ ಕಣ್ಣು ಮುಚ್ಚುವುದಿಲ್ಲ, ಬಾಗಿಲ ಬಳಿ ಸುಮ್ಮನೆ ಕೂತಿರುತ್ತಾರೆ.

ಕಾಲೇಜಿನಲ್ಲಿ ಪರೀಕ್ಷೆ ನಡೆದಿತ್ತು. ಬೆಳಿಗ್ಗೆಯಿಂದ ಕೊಠಡಿಯಲ್ಲಿ ನಿಂತು ನಿಂತು ನನ್ನ ಕಾಲು ಬಾತಿದ್ದವು. ಬಂದವಳೇ ಎಲ್ಲರಿಗೂ ಮಂಡಕ್ಕಿ ನೆನೆಸಿ ಸೂಸಲಾ ಮಾಡಿ, ಚಹಾ ಕೊಟ್ಟು ಮೂಲೆಯಲ್ಲಿ ಅವ್ವನ ಪಕ್ಕ ಕೂತೆ. ಕೊನೆಯ ಪ್ರಾರ್ಥನೆ ಅವ್ವನದು. ಬಂದವರಿಗೆ ಸ್ತೋತ್ರ, ಪಾಸ್ಟರಿಗೆ ಸ್ತೋತ್ರ, ಸೂಸಲಾಕ್ಕೂ ಸ್ತೋತ್ರ, ಮಾಡಿದವಳ ಸುದ್ದಿಯೇ ಇಲ್ಲ. ಆಮೇಲೆ ಇದು: 'ತಂದೆ, ಮಂದಿ ಮನಿಗಿ ಬಂದ್ರ ಮಾರಿ ಗಂಟು ಹಾಕ್ಕೊಳ್ಳೋರು ಇರ್ತಾರ. ಅಂಥಾ ಉಪಕಾರ ಅರೀದ ಮನಸಿಗಿ ಉಪಕಾರ ಕಲಿಸು.'

ಭಾಗ್ಯ, ನನಗೆ ಏನಾಯಿತೋ. ಕಣ್ಣು ಮುಚ್ಚಿಕೊಂಡೇ ನಾನೂ ಶುರು ಮಾಡಿದೆ. ಜೋರಾಗಿ.

'ಕರ್ತನೇ, ಈ ಮನೆಯಲ್ಲಿ ಕೃತಜ್ಞತೆಗೆ ಬರವಿಲ್ಲ. ಅದೆಲ್ಲ ನಿನ್ನ ಕಡೆಗೇ ಬರುತ್ತದೆ. ಚಹಾ ಮಾಡಿದವಳಿಗೆ ಒಂದು ಹನಿಯೂ ಉಳಿಯುವುದಿಲ್ಲ.'

ಯಾರೋ ಮೂಗಿನಲ್ಲಿ ನಕ್ಕರು. ಅವ್ವ ಬಿಡುವವಳೇ? 'ತಂದೆ, ಆ ಚಾದಾಗ ಸಕ್ರೀನೇ ಇದ್ದಿಲ್ಲ. ಆದ್ರೂ ನಾ ನಿನ್ನ ಹೆಸರು ತಗೊಂಡು ಕುಡದೀನಿ.'

'ಸಕ್ಕರೆ ಬೇಡ ಅಂದವರು ಡಾಕ್ಟರು, ಸ್ವಾಮಿ. ನಿನಗೆ ಗೊತ್ತಿದೆ.'

'ಡಾಕ್ಟರ ಮಾತು ಕೇಳೋ ಮಗಳು ಅವ್ವನ ಮಾತು ಕೇಳಂಗಿಲ್ಲ, ಇದೂ ನಿನಗ ಗೊತ್ತದ.'

ಪಾಸ್ಟರ್ ಕೆಮ್ಮಿದರು. 'ನಾವೆಲ್ಲರೂ ಸೇರಿ ಆಮೆನ್...' ಎಂದು ನಡುವೆ ಬಂದರು. ನಾವಿಬ್ಬರೂ ಅವರನ್ನು ದಾಟಿ ಹೋದೆವು. ಮತ್ತೆ ನನ್ನ ಬಾಯಿಂದ ಬಂದದ್ದು ನಾನು ಯೋಚಿಸಿದ ಮಾತಲ್ಲ. 'ಎಲ್ಲರ ಹೆಸರು ಹೇಳುವ ಈ ಬಾಯಿ ಭಾಗ್ಯಳ ಹೆಸರನ್ನು ಮಾತ್ರ ಯಾಕೆ ಬಿಡುತ್ತದೆ, ಕೇಳು ಸ್ವಾಮಿ. ಮಗಳನ್ನು ಕಳೆದುಕೊಂಡದ್ದು ಅವಳು ಮಾಡಿದ ತಪ್ಪೇ?'

ನಾನು ಕಣ್ಣು ತೆರೆಯಲಿಲ್ಲ, ಹೆದರಿಕೆ. ಅವ್ವ ಮಾತಾಡಿದಳು. ಅದು ಅವಳ ಪ್ರಾರ್ಥನೆಯ ದನಿಯಾಗಿರಲಿಲ್ಲ. ಅಡಿಗೆಮನೆಯಲ್ಲಿ ತನ್ನಷ್ಟಕ್ಕೆ ಮಾತಾಡಿಕೊಳ್ಳುವ ದನಿ.

'ಬಿಟ್ಟಿಲ್ಲ ತಂದೆ. ಸುನೀಲನ ಹೆಸರಾದ ಮ್ಯಾಲ ಅಕಿ ಜಾಗ ಅದ, ನಿನಗ ಗೊತ್ತದ. ಅಲ್ಲಿಗಿ ಬಂದು ನಿಂದ್ರತೀನಿ. ಹೆಸರು ತಗದ್ರ ಹಿಂದ ಸ್ತೋತ್ರ ಅನಬೇಕು. ಅಕಿ ಮಾರಿ ಕಣ್ಣ ಮುಂದ ಬರತದ, ಕೂಸಿನ ಮಾರಿ ಬರತದ, ಬಾಯಾಗ ಸ್ತೋತ್ರ ಬರವಲ್ದು. ಅವತ್ತ ಮಣ್ಣಿನ ಮುಂದ ನಿಂತು ಅಂದೆ. ರೂಢಿ ಬಿದ್ದ ಬಾಯಿ, ಅಂದುಬಿಟ್ಟೆ. ಸುಳ್ಳು ಅಂದೆ ತಂದೆ. ನಿನ್ನ ಮುಂದ ಇನ್ನೊಮ್ಮಿ ಸುಳ್ಳು ಹ್ಯಾಂಗ ಹೇಳ್ಲಿ?'

ಯಾರೂ ಆಮೆನ್ ಅನ್ನಲಿಲ್ಲ. ಹೆಂಗಸರು ಸೆರಗಿನಿಂದ ಮುಖ ಒರೆಸಿಕೊಂಡು, ಚಪ್ಪಲಿ ಹುಡುಕಿಕೊಂಡು ಒಬ್ಬೊಬ್ಬರೇ ಹೋದರು.

ಖುರ್ಷೀದಬೇಗಂ ಕೊನೆಗೆ ಎದ್ದರು. ಬಾಗಿಲಲ್ಲಿ ನನ್ನನ್ನು ತಡೆದು, 'ಏ ಟೀಚರ್, ನಿಮ್ಮ ದುವಾದಾಗ ಜಗಳಾ ಮಾಡಾಕ ಪರವಾನಗಿ ಅದ ಏನು? ನಮ್ಮಲ್ಲಿ ಇಲ್ಲವಾ' ಎಂದರು. ಆಮೇಲೆ ಮೆಲ್ಲಗೆ ಹೇಳಿದರು: 'ನೀವೆಲ್ಲಾ ಕಣ್ ಮುಚ್ಚಿದ್ರಿ, ನೋಡಿದಾಕಿ ನಾ ಒಬ್ಬಾಕಿ. ನಿಮ್ಮವ್ವ ಸರೋಜಮ್ಮ ಜಗಳಾ ಮುಗಿಯೋತನಕ ನಿನ್ನ ಸೆರಗಿನ ತುದಿ ಮುಟ್ಟಿಗ್ಯಾಗ ಹಿಡಕೊಂಡಿದ್ಲು. ಎಲ್ಲಿ ಎದ್ದು ಹೋಗಿಗೀಗಿ ಅಂತ.' ಒಳಗೆ ಬಂದು ನೋಡಿದರೆ ನನ್ನ ಸೆರಗಿನ ತುದಿ ಮುದುಡಿ ಸುಕ್ಕಾಗಿತ್ತು, ಹಸಿಯಾಗಿತ್ತು.

ಇಷ್ಟಾದ ಮೇಲೆ ಅವ್ವ ಮೆತ್ತಗಾಗಿದ್ದಾಳೆ ಎಂದುಕೊಳ್ಳಬೇಡ. ಮರುದಿನ ಬೆಳಿಗ್ಗೆಯೇ ಪುಂಡಿಪಲ್ಯಕ್ಕೆ ಉಪ್ಪು ಹೆಚ್ಚಾದ ಸುದ್ದಿ ಪರಲೋಕಕ್ಕೆ ಮುಟ್ಟಿತು. ತಕ್ಕವರಲ್ಲದವರಿಗೂ ಸಿಗುವುದು ಕೃಪೆ ಎಂದು ಭಾನುವಾರದ ಶಾಲೆಯಲ್ಲಿ ನಮಗೆ ಕಲಿಸಿದವಳು ಅವಳೇ. ನಾನು ಯಾವುದಕ್ಕೂ ತಕ್ಕವಳಲ್ಲ ಎಂದು ಸಾಬೀತು ಮಾಡಲೆಂದೇ ದೇವರು ನನಗೆ ಅವಳನ್ನು ಕೊಟ್ಟಿದ್ದಾನೆ ಅನ್ನಿಸುತ್ತದೆ. ತಮಾಷೆ ಮಾಡುತ್ತಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕ ದಿನ ಕವನ ಓದುತ್ತೇನೆ. ಒಳ್ಳೆಯ ಕವನದಲ್ಲಿ ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ನಡುವೆ ಖಾಲಿ ಜಾಗ ಇರುತ್ತದಲ್ಲ, ಅದನ್ನೂ ಓದಬೇಕು ಎಂದು ತರಗತಿಯಲ್ಲಿ ಹುಡುಗರಿಗೆ ಬುದ್ಧಿ ಹೇಳುವವಳು ನಾನು. ಎರಡು ವರ್ಷ ದಿನಕ್ಕೆರಡು ಸಲ ನನ್ನ ಎದುರಿಗೇ ಆ ಜಾಗ ಇತ್ತು. ನಾನು ರೊಟ್ಟಿ ಮುಚ್ಚಿದೆ. ಎಕ್ಸ್‌ರೇ ತೆಗೆಸಿದೆ.

ನೀನು ಅವ್ವನನ್ನು ಕ್ಷಮಿಸಬೇಕೆಂದು ನಾನು ಬರೆಯುತ್ತಿಲ್ಲ. ಗುಂಡಿಯ ಮುಂದೆ ಆಡಿದ ಮಾತು ಆಡಿದ್ದೇ. ಶೆರೋನ್‌ಗಾಗಿ ಸ್ತೋತ್ರ ಹೇಳು ಎಂದು ನಿನಗೆ ಇನ್ನು ಯಾರಾದರೂ ಹೇಳಿದರೆ ನಾನೇ ಸುರಪುರಕ್ಕೆ ಬಂದು ಅವರ ಜೊತೆ ಜಗಳವಾಡುತ್ತೇನೆ, ಕಣ್ಣು ತೆರೆದುಕೊಂಡೇ. ನೀನು ಹೋದ ಕ್ರಿಸ್ಮಸ್ಸಿಗೆ ಕೇಳಿದ ಪ್ರಶ್ನೆಗೆ ಉತ್ತರ ಬಾಕಿ ಇತ್ತು, ಅಷ್ಟೇ. ಉತ್ತರ: ಹೆಸರು ತೆಗೆಯುವುದಿಲ್ಲ. ದಿನಾ ಅಲ್ಲಿಗೆ ಬಂದು ನಿಲ್ಲುತ್ತಾಳೆ.

ಬಾ ಎಂದು ಕರೆಯುತ್ತಿಲ್ಲ. ಬರಲೇ ಎಂದೂ ಕೇಳುತ್ತಿಲ್ಲ. ಊಟ ಸರಿಯಾಗಿ ಮಾಡು.

ಚಪ್ಪಲಿಯ ಅಟ್ಟೆ ತಿಂದು ಬದುಕಿರುವ ನಿನ್ನ ಅಕ್ಕ,
ಜಯಶೀಲಾ

ತಾ.ಕ. ಭಾನುವಾರ, ಮಧ್ಯಾಹ್ನ. ನಾಳೆ ಅಂಚೆಗೆ ಹಾಕುವ ಮೊದಲು ಮುಚ್ಚಿಟ್ಟದ್ದನ್ನು ಹೇಳಿಬಿಡುತ್ತೇನೆ. 'ಕೇಳುತ್ತಿಲ್ಲ' ಎಂದು ಬರೆದದ್ದು ಯಾಕೆಂದರೆ ಈಗಾಗಲೇ ದೇವಿಂದ್ರನನ್ನು ಕೇಳಿದ್ದೇನೆ. 'ಬರ್ರಿ ಅಕ್ಕಾರ, ನಾ ಹೇಳೀನಂತ ಮಾತ್ರ ಹೇಳಬ್ಯಾಡ್ರಿ' ಎಂದ. ಹೇಳಿಬಿಟ್ಟೆ, ಅವನ ಮೇಲೆ ಸಿಟ್ಟಾಗಬೇಡ. ಬರುವ ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇವೆ. ಕಣ್ಣಿನ ಡಾಕ್ಟರಿಗೆ ತೋರಿಸಲು ಸುರಪುರಕ್ಕೆ ಹೋಗುವುದು ಎಂದು ಅವ್ವನಿಗೆ ಹೇಳಿದ್ದೇನೆ. ನೀನು ಬಾಗಿಲು ತೆಗೆಯದಿದ್ದರೆ ಬಸ್ ಸ್ಟ್ಯಾಂಡಿನಲ್ಲಿ ಕೂತು ಬುತ್ತಿ ತಿಂದು ತಿರುಗಿ ಹೋಗುತ್ತೇವೆ.

ಈಗ ಊಟಕ್ಕೆ ಕೂತಾಗ ಅವ್ವ ಶುರು ಮಾಡಿದಳು. 'ತಂದೆ, ಸುನೀಲಕುಮಾರಗ ಸ್ತೋತ್ರ.' ನಿಂತಳು. ನಾನು ಈ ಸಲ ರೊಟ್ಟಿಗೆ ಬಟ್ಟೆ ಮುಚ್ಚಲಿಲ್ಲ, ಕಣ್ಣು ಬಿಟ್ಟು ಅವಳನ್ನೇ ನೋಡುತ್ತಿದ್ದೆ. 'ಯಾದಗಿರಿಯಾಗ ಇರೋ ಕಣ್ಣಿನ ಡಾಕ್ಟರನ್ನ ಬಿಟ್ಟು ನನ್ನ ಹಿರಿಮಗಳು ಸುರಪುರಕ್ಕ ಯಾಕ ಹೊಂಟಾಳೋ ನಿನಗ ಗೊತ್ತು, ನನಗೂ ಗೊತ್ತು. ಇರ್ಲಿ. ಹೋಗೋ ಮುಂದ ಶೇಂಗಾ ತಂದುಕೊಡಾಕ ಅಕಿಗಿ ನೆನಪು ಮಾಡು. ಭಾಗ್ಯಗ ಶೇಂಗಾ ಹೋಳಿಗಿ ಅಂದ್ರ ಜೀವ. ಭಾಗ್ಯಗ...'

ಸ್ತೋತ್ರ ಬರಬೇಕಾದ ಜಾಗ. ತುಟಿ ಅಲುಗಿದವು, ಏನೂ ಬರಲಿಲ್ಲ. ಮತ್ತೊಮ್ಮೆ ಅಲುಗಿದವು. ನನಗೆ ನೋಡಲಾಗಲಿಲ್ಲ. ನೀರಿನ ಗ್ಲಾಸು ಎತ್ತಿ ತಾಟಿಗೆ ಬಡಿದು, 'ಆಮೆನ್!' ಎಂದು ಕೂಗಿಬಿಟ್ಟೆ.

ಅವ್ವ ಒಂದು ಕಣ್ಣು ತೆರೆದಳು. ನನ್ನನ್ನು, ಗ್ಲಾಸನ್ನು ನೋಡಿದಳು. ಬೈಯಲಿಲ್ಲ. ರೊಟ್ಟಿ ಮುರಿದು ಅರ್ಧ ನನ್ನ ತಾಟಿಗೆ ಹಾಕಿ, 'ಉಣ್ಣು' ಎಂದಳು. ಬಿಸಿ ಇತ್ತು, ಭಾಗ್ಯ.