ಬೀರುವಿನ ಬೀಗದ ಕೈ

೧೪ ಅಕ್ಟೋಬರ್, ಮಂಗಳವಾರ

ದಿನವಿಡೀ ಬೀರುವಿನ ಬೀಗದ ಕೈ ನನ್ನ ದುಪಟ್ಟಾದ ಗಂಟಿನಲ್ಲಿತ್ತು. ಅತ್ತೆಯ ಮೊಣಕಾಲಿನ ಆಪರೇಷನ್ನಿಗೆ ಕೊಟ್ಟ ನೋವಿನ ಮಾತ್ರೆಗಳು ಬೀರುವಿನಲ್ಲಿ ಉಳಿದಿದ್ದವು, ಮಗ ಗುರ್ತೇಜ್ ನಶೆ ಬಿಡಿಸುವ ಕೇಂದ್ರದಿಂದ ಇವತ್ತೇ ಮನೆಗೆ ಬಂದ.

ಲಸ್ಸಿ ಕುಡಿದವನೇ ಕೇಳಿದ, "ಅಮ್ಮಾ, ಬೇಬೆ ಮೊಣಕಾಲಿನ ಮಾತ್ರೆ ಎಲ್ಲಿವೆ?" ಅಜ್ಜಿಯನ್ನು ಅವನು ಬೇಬೆ ಅಂತಲೇ ಕರೆಯೋದು.

ನಾನು ದುಪಟ್ಟಾದ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.

"ನಿಂಗ್ಯಾಕೋ ಅದು?" ಎಂದರು ಅತ್ತೆ. "ಗುರುದ್ವಾರದ ಔಷಧಿ ಡಬ್ಬಿಗೆ ದಾನ ಹಾಕ್ತೀನಿ. ಎಸೆದ್ರೆ ಪಾಪ."

"ಬೇಬೆ, ನಾನು ಮೊದಲು ಕದ್ದಿದ್ದೇ ಆ ಡಬ್ಬಿಯಿಂದ. ಹಳೇ ಚಹಾ ಚರಟದಲ್ಲಿ ಕಲಸಿ, ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿ. ಯಾರೂ ಹೆಕ್ಕಿ ತಿನ್ನಬಾರದು. ನಾನು ಮುಟ್ಟಲ್ಲ, ನೀವೇ ಮಾಡಿ."

ಅತ್ತೆ ತಾವೇ ಕೋಲೂರಿಕೊಂಡು ಹೋಗಿ ಚರಟ ತಂದರು. ನಾನು ಮಾತ್ರೆ ಬಿಡಿಸಿ ಹಾಕಿದೆ, ಅವರು ಕಲಸಿದರು.

"ಇನ್ನು ಯಾವ ಕಳ್ಳನೂ ಮುಟ್ಟಲ್ಲ ಬಿಡು. ನಿಮ್ಮಮ್ಮನ ಚಹಾ ಬಿಸಿ ಇದ್ದಾಗಲೇ ಯಾರೂ ಕುಡಿಯಲ್ಲ!" ಎಂದರು ಅತ್ತೆ.

ಗುರ್ತೇಜ್ ನಕ್ಕ. ಆ ನಗು ಕೇಳಿ ಎಷ್ಟು ಕಾಲವಾಗಿತ್ತು! ಅತ್ತೆ ನನ್ನ ಚಹಾವನ್ನು ಇನ್ನೂ ಬೈಯಲಿ.

ಈಗ ಅವನ ಗೊರಕೆ ಕೇಳಿಸುತ್ತಿದೆ. ಬೀಗದ ಕೈಯನ್ನು ಬೀರುವಿಗೇ ಸಿಕ್ಕಿಸಿ ಬಂದೆ. ದುಪಟ್ಟಾ ಎಷ್ಟು ಹಗುರವಾಗಿದೆ, ವಾಹೆಗುರು, ಕಣ್ಣು ಎಳೆಯುತ್ತಿದೆ, ಆದರೂ ಆ ಗೊರಕೆಯನ್ನು ಇನ್ನೊಂದು ಸ್ವಲ್ಪ ಹೊತ್ತು ಕೇಳ...