ಮೂಲಬಿಂದುವಿನಲ್ಲಿ ಎಡವಿದ್ದು

ಜೂನ್ 3, ಸೋಮವಾರ

ಪೀಣ್ಯದ ಬಸ್ಸಿನಲ್ಲಿ ಗಣಿತದ ಪುಸ್ತಕದ ಒಂದು ಪುಟ ಓದಿದೆ. ಆಮೇಲೆ ದಿನವಿಡೀ ಆಫೀಸಿನಲ್ಲಿ ಪಂಪಿನ ಡಿಸೈನ್. ಅಲ್ಲಿಯೂ ವಕ್ರರೇಖೆಗಳೇ... ಯಾಕೆ ಹೀಗೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಸಂಜೆ ಬಾಸ್ ರುದ್ರೇಶ್ ಕರೆದರು. "ಟೀಮ್ ಲೀಡ್ ಮಾಡ್ತೀನಿ, ನಿವೇದಿತಾ. ಮೂರು ವರ್ಷ ಎಲ್ಲೂ ಹೋಗ್ಬಾರ್ದು, ಅಷ್ಟೇ."

ಹದಿನಾಲ್ಕಕ್ಕೆ ಗಣಿತದ ಪಿಎಚ್‌ಡಿ ಇಂಟರ್‌ವ್ಯೂ ಇದೆ ಎಂದೆ.

"ಈ ವಯಸ್ಸಲ್ಲಿ ಮತ್ತೆ ಸ್ಟೂಡೆಂಟಾ?" ನಕ್ಕರು. ನಾನೂ ನಕ್ಕೆ. ಸೀಟು ಸಿಗುತ್ತದೆ ನನಗೆ.

ಜೂನ್ 9, ಭಾನುವಾರ

ಮನೆ ಓನರ್ ಭಾಗ್ಯಮ್ಮ ಮಹಡಿಗೆ ಬಂದರು. "ಅದೇನವ್ವಾ, ಗೋಡೆ ನೋಡ್ಕಂಡು ಅಂಗೆ ಮಾತಾಡ್ತೀಯ?"

ವೆಕ್ಟರ್ ಬಂಡಲ್ ಎಂದೆ. ಒಂದು ಆಕಾರ, ಅದರ ಪ್ರತಿ ಬಿಂದುವಿಗೂ ಅಂಟಿಕೊಂಡ ಒಂದೊಂದು ಗೆರೆ. ಪೇಪರ್ ಪಟ್ಟಿ ಕತ್ತರಿಸಿ, ನಡುವೆ ಗೆರೆ ಎಳೆದು, ಒಂದು ತುದಿಯನ್ನು ಅರ್ಧ ಸುತ್ತು ತಿರುಚಿ ಬಳೆಯಂತೆ ಅಂಟಿಸಿ ಪೆನ್ನು ಕೊಟ್ಟೆ. "ನಡುಗೆರೆ ಮುಟ್ಟದೆ ಒಂದು ಸುತ್ತು ಬನ್ನಿ, ಹೊರಟ ಜಾಗಕ್ಕೇ ಸೇರ್ಬೇಕು."

ನಡುಗೆರೆಯ ಮೇಲ್ಬದಿಯಿಂದ ಹೊರಟ ಭಾಗ್ಯಮ್ಮನ ಪೆನ್ನು ಸುತ್ತು ಮುಗಿದಾಗ ಅದರ ಕೆಳಗಿತ್ತು.

"ಸೇರಾಕಿಲ್ವಲ್ಲೇ!"

ಅದೇ ಪ್ರಮೇಯ! ಎಲ್ಲೋ ಒಂದು ಕಡೆ ನಡುಗೆರೆ, ಅಂದರೆ ಸೊನ್ನೆ, ದಾಟಲೇಬೇಕು.

ಜೂನ್ 12, ಬುಧವಾರ

ಟೀಮ್ ಲೀಡ್ ಬೇಡ ಎಂದುಬಿಟ್ಟೆ.

"ಸೀಟ್ ಸಿಗದೇ ಇದ್ರೆ?" ರುದ್ರೇಶ್ ಕೇಳಿದರು.

"ಸಿಗುತ್ತೆ ಸಾರ್."

ಜೂನ್ 14, ಶುಕ್ರವಾರ

ಇಂಟರ್‌ವ್ಯೂನಲ್ಲಿ ತಿರುಚಿದ ಪಟ್ಟಿಯ ಪ್ರಶ್ನೆ ಬರಲೇ ಇಲ್ಲ. ಪ್ರೊಫೆಸರ್ ವನಜಾ ಬೋರ್ಡಿನ ಮೇಲೆ y² = x³ ಬರೆದರು. ಎಲ್ಲ ಬಿಂದುಗಳ ಟ್ಯಾಂಜೆಂಟ್ ಸ್ಪೇಸ್, ಅಂದರೆ ಅಲ್ಲಲ್ಲಿ ರೇಖೆಯನ್ನು ಸ್ಪರ್ಶಿಸುವ ದಿಕ್ಕುಗಳನ್ನು, ಸೇರಿಸಿದರೆ ಬಂಡಲ್ ಆಗುತ್ತದೆಯೇ?

"ಆಗುತ್ತೆ." ಥಟ್ಟನೆ ಹೇಳಿದೆ.

"ಮೂಲಬಿಂದುವಿನಲ್ಲೂ?"

ಅಲ್ಲಿ ರೇಖೆ ಚೂಪಾಗಿದೆ. ಸಮೀಕರಣದ x, y ಎರಡೂ ಡೆರಿವೇಟಿವ್ ಸೊನ್ನೆ. ಉಳಿದೆಲ್ಲ ಕಡೆ ಒಂದು ಗೆರೆ, ಅಲ್ಲಿ ಮಾತ್ರ ಇಡೀ ಸಮತಲ... ನನ್ನ ಉತ್ತರ ಬಿದ್ದುಹೋಯಿತು. ಆದರೆ ಎಷ್ಟು ಚೆಂದ!

"ತಪ್ಪು ಹೇಳಿದೆ ಮೇಡಂ. ಡೈಮೆನ್ಶನ್ ಅಲ್ಲಿ ಒಂದರಿಂದ ಎರಡಕ್ಕೆ ಜಿಗಿಯುತ್ತೆ. ಬಂಡಲ್ ಅಲ್ಲ."

"ಮತ್ತೆ ಅಷ್ಟು ಖುಷಿಯಾಗಿದ್ದೀರಲ್ಲ?"

"ಇಂಥ ಬಿಂದುಗಳನ್ನೇ ಓದ್ಬೇಕು ಅನ್ನಿಸ್ತಿದೆ."

ಜುಲೈ 2, ಮಂಗಳವಾರ

ಪಿಎಚ್‌ಡಿ ಸೀಟು ಸಿಕ್ಕಿತು! ರುದ್ರೇಶ್ ಮೇಲ್ ಅನ್ನು ಎರಡು ಸಲ ಓದಿ ಕೈ ಕುಲುಕಿದರು.

ಆಗಸ್ಟ್ 5, ಸೋಮವಾರ

ಮೊದಲ ಕ್ಲಾಸ್. ಉಳಿದವರೆಲ್ಲ ನನಗಿಂತ ಎಷ್ಟೋ ಚಿಕ್ಕವರು. ವನಜಾ ಮೇಡಂ ತನ್ನನ್ನೇ ತಾನು ದಾಟುವ ಒಂದು ವಕ್ರರೇಖೆ ಬಿಡಿಸಿದರು. "ಈ ಗಂಟನ್ನ ಬಿಚ್ಚೋದು ಹೇಗೆ?" ನನಗೆ ಉತ್ತರ ಪೂರ್ತಿ ಗೊತ್ತಿರಲಿಲ್ಲ. ಆದರೂ ಕೈ ಎತ್ತಿದೆ. ಬೋರ್ಡಿನತ್ತ ನಡೆಯುತ್ತಿರುವಾಗಲೇ ಹೊಳೆಯಿತು: ದಾಟುವಲ್ಲಿ ಒಂದು ಎಳೆಯನ್ನು ಮೇಲೆತ್ತಿದರೆ ಎರಡೂ ಬೇರೆಯಾಗುತ್ತವೆ!