ಬಾಣವಿಲ್ಲದ ಕಲ್ಲು

ಮೇಷ್ಟ್ರೇ,

ಸತ್ತವರ ಮೇಲೆ ಸಿಟ್ಟು ಮಾಡಬಾರದು ಅಂತಾರೆ. ಹಾಗೆ ಹೇಳಿದವರು ಯಾರೂ ನಿಮ್ಮನ್ನು ಕೂರಿಸಿಕೊಂಡು ಏಳು ಚಳಿಗಾಲ ಜೀಪು ಓಡಿಸಿಲ್ಲ. ನೀವು ನಿಮ್ಮ ಜರ್ಮನಿಯಲ್ಲಿ ಕಣ್ಣು ಮುಚ್ಚಿ ವರ್ಷವಾಗುತ್ತಾ ಬಂತು, ನನ್ನ ಸಿಟ್ಟು ಮಾತ್ರ ಇನ್ನೂ ಆರಿಲ್ಲ. ಅಜ್ಜೀಪುರದ ನಮ್ಮ ಮನೆ ಜಗಲಿಯಲ್ಲಿ ಕೂತು, ಮೊಮ್ಮಗಳ ನೋಟ್‌ಬುಕ್ಕಿನ ಹಾಳೆ ಕಿತ್ತು ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಮಾತಾಡಲು ಬರುತ್ತಿತ್ತೇ ಹೊರತು ಓದಲು ಬರುತ್ತಿರಲಿಲ್ಲ. ಅಲ್ಲಿ ಈಗ ಬೇಕಾದಷ್ಟು ಬಿಡುವಿದೆಯಲ್ಲ, ಕಲಿತುಕೊಳ್ಳಿ.

ಮೊದಲ ದಿನ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ನೀವು ಇಳಿದದ್ದು ನೆನಪಿದೆ. ಹೆಗಲಿಗೆ ಒಂದು ಚೀಲ, ಕೈಯಲ್ಲಿ ಎರಡು ಸುತ್ತಿಗೆ, ಕಂಕುಳಲ್ಲಿ ಅರಣ್ಯ ಇಲಾಖೆಯ ಪರ್ಮಿಷನ್ ಕಾಗದದ ಫೈಲು. ಹೆಸರು ಡೀಟರ್ ಅಂದಿರಿ. ನಮ್ಮ ಕಡೆ ಯಾರ ನಾಲಿಗೆಗೂ ಅದು ಹತ್ತಲಿಲ್ಲ. ನಿಮ್ಮೂರಿನ ಕಾಲೇಜಿನಲ್ಲಿ ಖನಿಜಗಳ ಪಾಠ ಹೇಳುತ್ತೀರಿ ಅಂತ ಗೊತ್ತಾದ ಮೇಲೆ ಎಲ್ಲರ ಬಾಯಲ್ಲೂ ಕಲ್ಲು ಮೇಷ್ಟ್ರು ಆದಿರಿ. ನಿಮ್ಮಪ್ಪ ಗಣಿ ಕೆಲಸದವರಂತೆ. ಗಣಿಯ ಹೊರಗೆ ಸುರಿದ ಗುಡ್ಡೆಯಲ್ಲಿ ಹೊಳೆಯುವ ಕಲ್ಲು ಆಯುತ್ತಾ ಬೆಳೆದಿರಂತೆ. ಆ ಹುಚ್ಚೇ ಇಲ್ಲಿಯವರೆಗೂ ಎಳೆದು ತಂದಿತು ಅಂತ ನಕ್ಕಿರಿ. ಹುಚ್ಚು ಅನ್ನುವುದು ನಿಮ್ಮದೇ ಮಾತು, ನಾನು ಸೇರಿಸಿದ್ದಲ್ಲ.

ಹನೂರು ದಾಟಿ ಜೀಪು ಮೂರನೇ ಗೇರಿಗೆ ಬರುವಷ್ಟರಲ್ಲಿ "ನಿಲ್ಸು ಕಣ್ಲಾ, ಮಾದೇಸ" ಅನ್ನುತ್ತಿದ್ದಿರಿ. ಆ ಕನ್ನಡ ನನ್ನಿಂದಲೇ ಕಲಿತದ್ದು, ತಪ್ಪು ನನ್ನದೇ. ಹಿಂದೆ ಬಸ್ಸು ಹಾರ್ನ್ ಬಜಾಯಿಸುತ್ತಿದ್ದರೆ ನೀವು ರಸ್ತೆ ಬದಿಯ ಬಂಡೆ ಮುಂದೆ ಮಂಡಿಯೂರಿ, ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು ಕೂತಿರುತ್ತಿದ್ದಿರಿ. ಬಸ್ಸಿನ ಡ್ರೈವರು ತಲೆ ಹೊರಹಾಕಿ "ಪೂಜ ಮುಗೀತಾ ಸಾ?" ಅಂದರೆ "ಇನ್ನೂ ಇಲ್ಲ ಕಣಪ್ಪ" ಅಂತ ತಿರುಗಿಯೂ ನೋಡದೆ ಉತ್ತರ. ಬೈಸಿಕೊಳ್ಳುತ್ತಿದ್ದವನು ಸ್ಟೇರಿಂಗ್ ಹಿಡಿದ ನಾನು.

ಹೂಗ್ಯಂನಲ್ಲಿ ಒಬ್ಬರ ಹೊಲದ ಬದುವಿನ ಕಲ್ಲನ್ನು ನೀವು ನೆಕ್ಕಿದಿರಿ. ಒದ್ದೆಯಾದರೆ ಕಲ್ಲಿನ ಬಣ್ಣ ಸರಿಯಾಗಿ ಕಾಣುತ್ತದೆ, ಅಷ್ಟೇ. ಅದು ನಿಮಗೆ ಗೊತ್ತು, ನನಗೆ ಗೊತ್ತು. ಹೊಲದವನಿಗೆ ಗೊತ್ತಾಗಬೇಕಲ್ಲ? ನಾವು ಅತ್ತ ಹೊರಟದ್ದೇ ತಡ, ಇಲ್ಲಿ ವಜ್ರ ಇದೆ ಅಂತ ಅವನು ಜೋಳದ ಹೊಲದಲ್ಲಿ ಆಳುದ್ದ ಗುಂಡಿ ತೋಡಿದ. ಮರುವರ್ಷ ಹೋದಾಗ ಗುಂಡಿ ತೋರಿಸಿ, "ಇನ್ನೂ ಎಷ್ಟ್ ಆಳ ಓಗ್ಬೇಕು ಸಾ?" ಅಂತ ಕೇಳಿದ. ಮುಚ್ಚಪ್ಪ ಅನ್ನುವ ಬದಲು ನೀವು ಗುಂಡಿಗೇ ಇಳಿದು, ಅದರ ಗೋಡೆಯಿಂದ ಮೂರು ಕಲ್ಲು ಕಿತ್ತುಕೊಂಡು ಮೇಲೆ ಬಂದಿರಿ. ನಿಮ್ಮನ್ನು ಏನು ಮಾಡಬೇಕಿತ್ತು ಹೇಳಿ?

ಕಲ್ಲಿಗಿಂತ ನಿಮಗೆ ಚೀಟಿ ದೊಡ್ಡದು. ಕಲ್ಲು ಬಂಡೆಯಿಂದಲೇ ಒಡೆದದ್ದಾಗಿರಬೇಕು, ಬಿದ್ದ ಕಲ್ಲು ಮುಟ್ಟುವ ಹಾಗಿಲ್ಲ. ಒಡೆಯುವ ಮುಂಚೆ ದಿಕ್ಸೂಚಿ ಇಟ್ಟು, ಉತ್ತರದ ಕಡೆಗೆ ಬಿಳಿ ಬಣ್ಣದಲ್ಲಿ ಒಂದು ಬಾಣ ಬರೆಯಬೇಕು. ಆ ಕಲ್ಲು ಭೂಮಿಯಲ್ಲಿ ಹೇಗೆ ಕೂತಿತ್ತು ಅಂತ ಆಮೇಲೂ ತಿಳಿಯಬೇಕಲ್ಲ, ಅದಕ್ಕೆ. ಆಮೇಲೆ ಸುತ್ತಿಗೆ. ಆಮೇಲೆ ಚೀಟಿ: ಸಂಖ್ಯೆ, ಸ್ಥಳ, ತಾರೀಕು, ಆಯ್ದವರ ಸಹಿ. "ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಕಲ್ಲು ಬರೀ ಕಲ್ಲು ಕಣ್ಲಾ, ತೆಂಗಿನಕಾಯಿ ಒಡ್ಯಕ್ಕೆ ಮಾತ್ರ ಆಯ್ತದ" ಅನ್ನುತ್ತಿದ್ದಿರಿ. ನಾನು ಪಿಯುಸಿ ಫೇಲಾದವನು. ನನ್ನ ಸಹಿಗೂ ಬೆಲೆ ಇದೆ ಅಂತ ಹೇಳಿದ ಮೊದಲ ಮನುಷ್ಯ ನೀವು.

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ. ಎರಡನೇ ಚಳಿಗಾಲ, ದೀಪಾವಳಿ ಕಳೆದು ಒಂದು ವಾರವಾಗಿತ್ತು. ಮಂಡಿ ಊದಿಕೊಂಡು ನೀವು ಹನೂರಿನ ಲಾಡ್ಜಿನಲ್ಲಿ ಕಾಲು ಚಾಚಿ ಮಲಗಿದ್ದಿರಿ. ತಾಳಬೆಟ್ಟದಿಂದ ಮೇಲೆ ಮಾದಪ್ಪನ ಬೆಟ್ಟಕ್ಕೆ ಹತ್ತುವ ಕಾಲುದಾರಿಯ ತಿರುವಿನಲ್ಲಿರುವ ಕರಿ ಬಂಡೆಯಿಂದ ಒಂದು ಕಲ್ಲು ತಾ ಅಂತ ನನ್ನೊಬ್ಬನನ್ನೇ ಕಳಿಸಿದಿರಿ. ಹೋಗಿ ನೋಡಿದರೆ ಬಂಡೆಯ ತಲೆ ಮೇಲೆ ಹೆಜ್ಜೇನು ಕಟ್ಟಿತ್ತು. ಅದರ ಕೆಳಗೆ ನಿಂತು ಸುತ್ತಿಗೆ ಬಡಿಯಲು ನನಗೇನು ತಲೆ ಕೆಟ್ಟಿತ್ತೇ? ಬರಿಗೈಯಲ್ಲಿ ವಾಪಸ್ ಹೋದರೆ ನಿಮ್ಮ ಮುಖ ನೋಡಬೇಕು. ಪಕ್ಕದಲ್ಲೇ ಭಕ್ತರು ಪೇರಿಸಿಟ್ಟ ಕಲ್ಲುಗಳಿದ್ದವು.

ಆ ಪೇರಿಕೆಗಳನ್ನು ನೀವೂ ನೋಡಿದ್ದಿರಿ. ಬೆಟ್ಟ ಹತ್ತುವವರು ಕಲ್ಲಿನ ಮೇಲೆ ಕಲ್ಲಿಟ್ಟು, ಹಿಂಗೇ ನಮಗೂ ಒಂದು ಮನೆ ಎದ್ದು ನಿಲ್ಲಲಿ ಮಾದಪ್ಪ ಅಂತ ಕೈಮುಗಿಯುತ್ತಾರೆ. ಹಾಗಿಟ್ಟ ಕಲ್ಲನ್ನು ಕದಲಿಸಬಾರದು, ಕದಲಿಸಿದರೆ ಇಟ್ಟವರ ಮನೆ ಏಳುವುದಿಲ್ಲ ಅಂತ ನಮ್ಮವ್ವ ಚಿಕ್ಕಂದಿನಲ್ಲೇ ಹೆದರಿಸಿದ್ದಳು. ಹೆಜ್ಜೇನಿಗೆ ಹೆದರಿದವನು ಅವ್ವನ ಮಾತಿಗೆ ಹೆದರಲಿಲ್ಲ. ಬೆಟ್ಟದಲ್ಲಿರುವ ಕಲ್ಲು ಬೆಟ್ಟದ್ದೇ, ಇನ್ನೆಲ್ಲಿಂದ ಬಂದಿರುತ್ತೆ ಅಂದುಕೊಂಡು ಒಂದು ಪೇರಿಕೆಯ ಮೇಲಿನ ಕಲ್ಲು ಎತ್ತಿದೆ. ಹೊಸದಾಗಿ ಒಡೆದ ಹಾಗೆ ಕಾಣಲಿ ಅಂತ ಎರಡು ಹೋಳು ಮಾಡಿದೆ. ಚೀಟಿ ಬರೆದೆ. ಇನ್ನೂರ ಹದಿನಾಲ್ಕು, ತಾಳಬೆಟ್ಟ, ಮಾದೇಶ. "ಬಾಣ ಎಲ್ಲಿ?" ಅಂತ ನೀವು ಕೇಳಿದಿರಿ. "ಚೀಲದಲ್ಲಿ ಉಜ್ಜೋಗದ ಸಾ" ಅಂದೆ. ಬಾಣವಿಲ್ಲದ ಕಲ್ಲನ್ನು ನೀವು ಒಪ್ಪಿಕೊಂಡದ್ದು ಅದೊಂದೇ ಸಲ.

ಸಾವಿರ ಕಲ್ಲಿನಲ್ಲಿ ಅದೇ ಕಲ್ಲು ನಿಮಗೆ ಬೇಕಿತ್ತಾ? ಊರಿಗೆ ಒಯ್ದು, ಕೂದಲಿಗಿಂತ ತೆಳ್ಳಗೆ ಸೀಳಿ, ಮೈಕ್ರೋಸ್ಕೋಪಿನಲ್ಲಿಟ್ಟು ನೋಡಿ ಕುಣಿದಾಡಿದಿರಂತೆ. ಮರುವರ್ಷ ಲ್ಯಾಪ್‌ಟಾಪಿನಲ್ಲಿ ಫೋಟೋ ತೋರಿಸಿದಿರಿ. ಕೊಳ್ಳೇಗಾಲದ ಅಂಗಡಿಯಲ್ಲಿ ರೇಷ್ಮೆ ಸೀರೆ ಹರವಿದ ಹಾಗೆ ಬಣ್ಣಗಳು, ನಡುವೆ ನೀಲಿ ಕಣ. ಸಫಿರಿನ್ ಅಂದಿರಿ. ನಾವು ತೋಡುವ ಯಾವ ಬಾವಿಯೂ ಮುಟ್ಟಲಾಗದ ಆಳದಲ್ಲಿ, ಕಲ್ಲೇ ಕರಗುವಂಥ ಬಿಸಿಯಲ್ಲಿ ಹುಟ್ಟುವುದು, ಇಂಥ ಗಾತ್ರದ್ದು ಸಿಗುವುದು ಅಪರೂಪ ಅಂದಿರಿ. ಇದರ ತಾಯಿ ಬಂಡೆ ಸಿಕ್ಕಿದರೆ ಈ ಸೀಮೆಯ ನೆಲ ಹೇಗೆ ಹುಟ್ಟಿತು ಅಂತ ಹೇಳಬಹುದು ಅಂತ ನನ್ನ ಎರಡೂ ಕೈ ಹಿಡಿದುಕೊಂಡಿರಿ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಮೇಲೆ ಐದು ಚಳಿಗಾಲ ಆ ತಿರುವಿನ ಸುತ್ತ ಒಂದೊಂದು ಬಂಡೆಯನ್ನೂ ಬಡಿದಿರಿ. ಮಂಡಿ ಹಿಡಿದುಕೊಂಡು ಹತ್ತಿದಿರಿ, ನನ್ನ ಹೆಗಲು ಹಿಡಿದುಕೊಂಡು ಇಳಿದಿರಿ. ನೀವು ಬಡಿಯುವ ಒಂದೊಂದು ಪೆಟ್ಟೂ ನನಗೇ ಬೀಳುತ್ತಿತ್ತು. ಒಮ್ಮೆ ಹನೂರಿನ ಟೀ ಅಂಗಡಿಯಲ್ಲಿ ಧೈರ್ಯ ಮಾಡಿ, "ಸಾ, ಆ ಕಲ್ಲು..." ಅಂದೆ. "ಚೀಟಿ ಮ್ಯಾಲ ನಿನ್ ಸಹಿ ಅದಲ್ಲ, ಸಾಕು ಬುಡು" ಅಂದುಬಿಟ್ಟಿರಿ. ಅಷ್ಟು ನಂಬಿದರೆ ಮನುಷ್ಯ ಬಾಯಿ ಬಿಡುವುದಾದರೂ ಹೇಗೆ ಮೇಷ್ಟ್ರೇ?

ನೀವು ಹೋದ ಮೇಲೆ ನಿಮ್ಮ ಮಗಳು ಹನ್ನಾ ಫೋನಿಗೆ ಒಂದು ಸಂದೇಶ ಕಳಿಸಿದಳು. ಇಂಗ್ಲಿಷಿನಲ್ಲಿತ್ತು, ಮೊಮ್ಮಗಳು ಓದಿ ಹೇಳಿದಳು. ನಿಮ್ಮ ಕಾಲೇಜಿನ ಮ್ಯೂಸಿಯಮ್ಮಿನಲ್ಲಿ ಇನ್ನೂರ ಹದಿನಾಲ್ಕನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ. ಪಕ್ಕದಲ್ಲಿ ಬರಹ: ತಾಳಬೆಟ್ಟ, ಆಯ್ದವರು ಮಾದೇಶ. ಸರಿಯಾಗಿದೆ ತಾನೇ ಅಂತ ಕೇಳಿದ್ದಳು. ಸರಿ ಅಂತ ಒಂದು ಮಾತು ಕಳಿಸಿದ್ದರೆ ಮುಗಿದುಹೋಗುತ್ತಿತ್ತು. ಮೊಮ್ಮಗಳು ಅಷ್ಟರಲ್ಲಿ ಊರಿಗೆಲ್ಲ ಡಂಗುರ ಸಾರಿದ್ದಳು. ಅಜ್ಜೀಪುರದಲ್ಲಿ ನನಗೆ ಟೀ ಕುಡಿಸುವವರು ಜಾಸ್ತಿಯಾದರು. "ಜರ್ಮನೀಲಿ ನಿನ್ನೆಸ್ರು ಬರ್ದವರಂತಲ್ಲ ಮಾದೇಸಣ್ಣ" ಅನ್ನುತ್ತಿದ್ದರು. ಆ ಟೀ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಹನ್ನಾ ನಿಮ್ಮ ನೋಟ್‌ಬುಕ್ಕಿನ ಫೋಟೋವನ್ನೂ ಕಳಿಸಿದ್ದಳು, ಜರ್ಮನ್ ಬರಹದ ಅರ್ಥವನ್ನು ಕೆಳಗೆ ಬರೆದಿದ್ದಳು. ಇನ್ನೂರ ಹದಿನಾಲ್ಕರ ಎದುರು ಮೊದಲ ವರ್ಷ: ಬಾಣ ಇಲ್ಲ, ಮಾದೇಶನನ್ನು ಕೇಳಬೇಕು. ಮರುವರ್ಷವೂ ಅದೇ, ಮಾದೇಶನನ್ನು ಕೇಳಬೇಕು. ಅದರ ಮುಂದಿನ ವರ್ಷವೂ. ಕೊನೆಯ ವರ್ಷ ಮಾತ್ರ ಬೇರೆ ಬರೆದಿದ್ದಿರಿ: ಅವನೇ ಹೇಳುತ್ತಾನೆ.

ಅಂದರೆ ನಿಮಗೆ ಅನುಮಾನ ಇತ್ತು. ಊದಿದ ಮಂಡಿಯಲ್ಲಿ ಐದು ವರ್ಷ ಬೆಟ್ಟ ಹತ್ತಿದ್ದು ನನ್ನ ಬಾಯಿಂದ ಬರಲಿ ಅಂತಲೇ? ಎಲ್ಲರನ್ನೂ ಎಲ್ಲವನ್ನೂ ಕೇಳುತ್ತಿದ್ದಿರಿ. ಚೆಕ್‌ಪೋಸ್ಟಿನ ಗಾರ್ಡಿಗೆ ಎಷ್ಟು ಮಕ್ಕಳು, ನನ್ನ ಹೆಂಡತಿ ಉಪ್ಸಾರಿಗೆ ಯಾವ ಸೊಪ್ಪು ಹಾಕುತ್ತಾಳೆ, ಒಂದನ್ನೂ ಬಿಟ್ಟವರಲ್ಲ. ಇದೊಂದು ಕೇಳಲು ನಿಮಗೆ ಏನು ಬಂದಿತ್ತು? ಗದರಿಸಿ ಕೇಳಿದ್ದರೆ ಒಂದೇ ಏಟಿಗೆ ಹೇಳಿಬಿಡುತ್ತಿದ್ದೆ. ನೀವು ಗದರಿಸುವ ಮನುಷ್ಯರಲ್ಲ, ಅದೇ ನಿಮ್ಮ ದೊಡ್ಡ ತಪ್ಪು.

ಆ ನೋಟ್‌ಬುಕ್ಕು ನೋಡಿದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ದೀಪಾವಳಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರ ಜೊತೆ ತಾಳಬೆಟ್ಟಕ್ಕೆ ಹೋದೆ. ಅದೇ ಜಾಗದಲ್ಲಿ ಒಂದು ಕಲ್ಲಿಟ್ಟು ತಪ್ಪಾಯಿತು ಅನ್ನೋಣ ಅಂತ. ತಿರುವಿನಲ್ಲಿ ಒಬ್ಬ ಮುದುಕಿ ತಲೆಯಿಂದ ಬಟ್ಟೆ ಗಂಟು ಇಳಿಸಿ, ಅದರೊಳಗಿಂದ ಒಂದು ಕಲ್ಲು ತೆಗೆದು ಪೇರಿಕೆಯ ಮೇಲಿಡುತ್ತಿದ್ದರು. ಬಿಸಿಲು ಬಿದ್ದು ಕಲ್ಲಿನಲ್ಲಿ ಏನೋ ನೀಲಿ ಮಿಣುಕಿತು. ನೀವು ಕೊಟ್ಟ ಭೂತಗನ್ನಡಿ ಜೇಬಿನಲ್ಲೇ ಇತ್ತು. ತೆಗೆದು ಕಣ್ಣಿಗೆ ಒತ್ತಿಕೊಂಡು ಕಲ್ಲಿನ ಮೇಲೆ ಬಗ್ಗಿದೆ.

"ಯಾಕಪ್ಪ ಅಂಗ್ ನೋಡೀಯೆ? ನಮ್ ಒಲದ ಕಲ್ಲು ಕಣಪ್ಪ" ಅಂದರು. ಯಳಂದೂರಿನ ಗುಂಬಳ್ಳಿಯವರಂತೆ, ಹೆಸರು ಚಿಕ್ಕತಾಯಮ್ಮ.

"ಅಲ್ಲಿಂದ ಒತ್ಕಂಡ್ ಬಂದ್ರಾ ಅವ್ವ?"

"ಊ ಕಣಪ್ಪ, ನಮ್ಮತ್ತ ಕಾಲ್ದಿಂದ್ಲೂವೆ. ವರ್ಸಕ್ಕೊಂದು ಕಲ್ಲು, ಇದೇ ಜಾಗಕ್ಕೆ. ನಮ್ ಒಲದ್ದೇ ಆಗ್ಬೇಕು. ದಾರೀಲಿ ಸಿಕ್ಕಿದ್ ಕಲ್ಲಿಟ್ರ ಮಾದಪ್ಪ ದಾರೀಲೇ ಮನ ಕೊಟ್ಬುಟ್ಟನು." ಬಟ್ಟೆ ಗಂಟು ಮತ್ತೆ ಕಟ್ಟುತ್ತಾ ಅಂದರು, "ಒಂದ್ ವರ್ಸ ಬಂದು ನೋಡ್ತೀವಿ, ಇಟ್ಟಿದ್ ಕಲ್ಲೇ ಇಲ್ಲ. ಕೋತಿ ತಕ್ಕಂಡ್ ಓಗದ ಅಂದ್ರು ನಮ್ಮತ್ತ."

"ಆ ಕೋತಿ ನಾನೇ ಕಣವ್ವ" ಅಂದೆ.

ಅಲ್ಲೇ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದೆ. ಹೆಜ್ಜೇನು, ಚೀಟಿ, ನೀವು, ನಿಮ್ಮ ಮಂಡಿ, ಗಾಜಿನ ಪೆಟ್ಟಿಗೆ. ನಿಮಗೆ ಐದು ವರ್ಷ ಹೇಳಲಾಗದ್ದನ್ನು ಗುರುತಿಲ್ಲದ ಮುದುಕಿಗೆ ಹೇಳಿ ಅತ್ತೆ. ಕೊನೆಗೆ, "ನಿಮ್ ಮನ ಎದ್ತಾ ಅವ್ವ?" ಅಂತ ಕೇಳಿದೆ.

"ಎದ್ದು, ಮ್ಯಾಲ ಇನ್ನೊಂದ್ ಅಂತಸ್ತೂ ಆಗದ, ಬುಡು" ಅಂದರು. ಅವರ ಯೋಚನೆಯೇ ಬೇರೆ ಇತ್ತು. "ಅಷ್ಟ್ ದೂರ ಓಗದಾ ನಮ್ ಕಲ್ಲು? ಇಮಾನದಲ್ಲಾ? ನಾನು ಈ ಬೆಟ್ಟ ಬುಟ್ರ ಮೈಸೂರ್ನೇ ನೋಡ್ನಿಲ್ಲ ಕಣಪ್ಪ."

ಅವರು ಬೆಟ್ಟ ಇಳಿದ ಮೇಲೆ ಗುಂಬಳ್ಳಿಗೆ ಹೋದೆ. ಅವರ ದನದ ಕೊಟ್ಟಿಗೆ ಹಿಂದೆ ಹೊಲದ ಬದು. ಬದುವಿನಲ್ಲಿ ಕರಿ ಬಂಡೆ, ಆನೆ ಬೆನ್ನಿನಷ್ಟು ಹೊರಗೆ ಎದ್ದಿದೆ. ಅದರ ಮೇಲೆ ಬಟ್ಟೆ ಒಗೆಯುತ್ತಾರೆ. ನೀರು ಬಿದ್ದ ಕಡೆಯೆಲ್ಲ ನೀಲಿ. ನೆಕ್ಕುವ ಕೆಲಸವೂ ಇರಲಿಲ್ಲ, ಆದರೂ ನೆಕ್ಕಿದೆ, ಸೋಪಿನ ರುಚಿ. ಇನ್ನೊಂದು ಸಂಗತಿ ಕೇಳಿ. ಬಿಳಿಗಿರಿ ಬೆಟ್ಟಕ್ಕೆ ಹೋಗುವಾಗ ಪ್ರತಿ ವರ್ಷ ನಾವು ಎಳನೀರು ಕುಡಿಯುತ್ತಿದ್ದ ಮರ ಆ ಬದುವಿನಿಂದ ಕೂಗಿದರೆ ಕೇಳುವಷ್ಟು ದೂರ. ಅಲ್ಲಿ ಮಾತ್ರ ನೀವು ಜೀಪಿನಿಂದ ಇಳಿಯುತ್ತಿರಲಿಲ್ಲ. "ಇಲ್ಲೇನಿಲ್ಲ, ನಡಿ ಕಣ್ಲಾ, ತಾಳಬೆಟ್ಟಕ್ಕೆ ಓಗ್ಬೇಕು" ಅನ್ನುತ್ತಿದ್ದಿರಿ. ನನ್ನ ಒಂದು ಚೀಟಿಯ ದೆಸೆಯಿಂದ ಮೇಷ್ಟ್ರೇ, ನನ್ನ ಒಂದೇ ಒಂದು ಚೀಟಿಯ...

ಹನ್ನಾಳಿಗೆ ನಿಜ ಬರೆದು ಕಳಿಸಿದ್ದೇನೆ. ಮೊಮ್ಮಗಳು ಇಂಗ್ಲಿಷ್ ಮಾಡಿದಳು, ಮಾಡುತ್ತಾ ನನ್ನ ಮುಖ ನೋಡಲಿಲ್ಲ. ಟೀ ಅಂಗಡಿಯಲ್ಲೂ ನಾನೇ ಹೇಳಿಬಿಟ್ಟೆ. ಈಗ ನನ್ನ ಟೀ ನಾನೇ ಕುಡಿಯುತ್ತೇನೆ, ಸಲೀಸಾಗಿ ಇಳಿಯುತ್ತದೆ. ಹನ್ನಾ ಏನನ್ನುತ್ತಾಳೋ, ಉತ್ತರ ಇನ್ನೂ ಬಂದಿಲ್ಲ. ಚಿಕ್ಕತಾಯಮ್ಮನವರಿಗೆ ಮುಂದಿನ ದೀಪಾವಳಿಗೆ ನಡೆಯಲು ಆಗುವುದಿಲ್ಲವಂತೆ, ಅವರಿಗೂ ನಿಮ್ಮದೇ ಮಂಡಿ ನೋವು. ಅವರ ಹೊಲದ ಕಲ್ಲನ್ನು ಇನ್ನು ಮೇಲೆ ನಾನು ಹೊರುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಗುಂಬಳ್ಳಿಯಿಂದ ನಡೆದೇ, ಜೀಪಿನಲ್ಲಲ್ಲ.

ಗುಂಬಳ್ಳಿಯ ಬಂಡೆಯಿಂದ ಒಂದು ಕಲ್ಲು ಪಾರ್ಸೆಲ್ ಆಗಿ ನಿಮ್ಮೂರಿಗೆ ಹೊರಟಿದೆ. ಅದೇ ಸಂಖ್ಯೆ, ಹೊಸ ಚೀಟಿ. ಆಯ್ದವರು ಅನ್ನುವ ಕಡೆ ನನ್ನ ಹೆಸರಿಲ್ಲ. ಚಿಕ್ಕತಾಯಮ್ಮ ಅಂತಿದೆ, ಒಂದೊಂದೇ ಅಕ್ಷರ ತಿದ್ದಿ ಅವರೇ ಹಾಕಿದ ಸಹಿ. ಅಲ್ಲಿಂದ ಬಗ್ಗಿ ನೋಡುವ ಹಾಗಿದ್ದರೆ ನೋಡಿಕೊಳ್ಳಿ, ಮತ್ತೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೂರಬೇಡಿ. ಒಡೆಯುವ ಮುಂಚೆಯೇ ಬಾಣ ಬರೆದಿದ್ದೇನೆ.

ನಿಮ್ಮ
ಮಾದೇಶ